ಮಾವನ ಚಾಕುವಿಗೆ ಮೂರು ಏಟು

ನನಗೊಂದು ಕೆಟ್ಟ ಚಾಳಿಯಿದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾವ ವಸ್ತು ಕೈಗೆ ಬಂದರೂ ಅದರ ಉಪಯೋಗಕ್ಕಿಂತ ಮೊದಲು ಊನವೇ ಕಣ್ಣಿಗೆ ಬೀಳುತ್ತದೆ. ಇದಕ್ಕಾಗಿ ಸರ್ಕಾರ ನನಗೆ ಸಂಬಳವನ್ನೂ ಕೊಡುತ್ತದೆ. ಹೈದರಾಬಾದಿನಲ್ಲಿರುವ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ನಾನು ತಪಾಸಣೆ ವಿಭಾಗದವನು. ಇನ್ನೊಬ್ಬರು ಬೆವರು ಸುರಿಸಿ ಮಾಡಿದ್ದನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಕಂಡರೆ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುವುದು ನನ್ನ ಕೆಲಸ. ಮನೆಗೆ ಬಂದ ಮೇಲೂ ಕಣ್ಣು ಸುಮ್ಮನಿರುವುದಿಲ್ಲ. ಗೋಡೆಯ ಫೋಟೊ ಒಂದಿಷ್ಟು ವಾರೆಯಾಗಿದ್ದರೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಹೆಂಡತಿ ಗಿರಿಜಾ ಗಚ್ಚಿಬೌಲಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಮಾಡುತ್ತಾಳೆ. ಅವಳದ್ದೂ ತಪ್ಪು ಹುಡುಕುವ ಕೆಲಸವೇ. ವ್ಯತ್ಯಾಸ ಇಷ್ಟೆ: ನಾನು ತಪ್ಪು ಹಿಡಿದರೆ ಮಾಲು ಗುಜರಿಗೆ ಹೋಗುತ್ತದೆ, ಅವಳು ಹಿಡಿದರೆ ‘ಗೊತ್ತಿರುವ ದೋಷ’ ಎಂದು ಪಟ್ಟಿಯಲ್ಲಿ ಬರೆದು ಮಾಲನ್ನು ಅಮೆರಿಕಕ್ಕೆ ಕಳಿಸುತ್ತಾರೆ. ಸಂಬಳ ಯಾರದ್ದು ಜಾಸ್ತಿ ಎಂದು ದಯವಿಟ್ಟು ಕೇಳಬೇಡಿ.

ಹೈದರಾಬಾದಿನ ನಮ್ಮ ಕೊಂಡಾಪುರ ಬಡಾವಣೆಯಲ್ಲಿ ವಾರಕ್ಕೊಂದು ಕಟ್ಟಡ ಏಳುತ್ತಿದ್ದ ಆ ದಿನಗಳಲ್ಲಿ ಗಿರಿಜಾಳ ಅಪ್ಪ, ಅಂದರೆ ನನ್ನ ಮಾವ, ಕೊಪ್ಪಳದ ಕಡೆಯಿಂದ ಒಂದು ತಿಂಗಳ ಮಟ್ಟಿಗೆ ಬಂದರು. ನಿವೃತ್ತ ಡ್ರಾಯಿಂಗ್ ಮಾಸ್ತರು. ಅವರ ಜೇಬಿನಲ್ಲಿ ಯಾವಾಗಲೂ ಒಂದು ಮಡಿಚುವ ಚಾಕು. ಅವರೂರಿನ ಕಮ್ಮಾರರೊಬ್ಬರು ಕೈಯಲ್ಲೇ ಬಡಿದು ಮಾಡಿದ್ದು. ಕೊಂಬಿನ ಹಿಡಿ, ಒಳಗೆ ಹಿತ್ತಾಳೆಯ ತಗಡು, ಮೂವತ್ತು ವರ್ಷ ಸಾಣೆ ಹಿಡಿದು ತೆಳ್ಳಗಾದ ಅಲಗು. ಒಂದು ಕಾಲಕ್ಕೆ ಇಡೀ ಶಾಲೆಯ ಪೆನ್ಸಿಲ್ಲುಗಳನ್ನು ಅದರಲ್ಲೇ ಕೆತ್ತಿದ್ದರಂತೆ. ಈಗ ಊಟವಾದ ಮೇಲೆ ಪೇರಲ ಹಣ್ಣು ಹೆಚ್ಚುತ್ತಿದ್ದರು. ಅಡುಗೆಮನೆಯ ಚಾಕು ಕೊಟ್ಟರೆ ಮುಟ್ಟುತ್ತಿರಲಿಲ್ಲ. “ಚಾಕು ಅಂದ್ರ ತೆಗಿಯಾಗ ಟಕ್ ಅನಬೇಕು, ಮಡಚಾಗೂ ಟಕ್ ಅನಬೇಕ್ರಿ ಅಳಿಯಾರ. ಉಗುರು ಮಾತ್ರ ಮುರೀಬಾರದು” ಎನ್ನುತ್ತಿದ್ದರು. ಅದನ್ನು ಇನ್ನೊಬ್ಬರ ಕೈಗೆ ಕೊಟ್ಟಿದ್ದನ್ನು ನಾನಂತೂ ನೋಡಿರಲಿಲ್ಲ.

ನಾನು ಸುಮ್ಮನೆ ಹಣ್ಣು ತಿನ್ನಬಹುದಿತ್ತು. ಆದರೆ ಎರಡನೇ ದಿನವೇ ಕಂಡುಬಿಟ್ಟಿತು: ಅಲಗು ಎಡಕ್ಕೂ ಬಲಕ್ಕೂ ಒಂದು ಚೂರು ಅಲುಗಾಡುತ್ತದೆ! ಗಿರಿಜಾಳಿಗೆ ಹೇಳಿದೆ. “ಅದು ಅಪ್ಪಗ ಮೊದಲಿಂದ ಗೊತ್ತೈತಿ. ನೀವು ಮುಟ್ಟಬ್ಯಾಡ್ರಿ” ಎಂದಳು. ಗೊತ್ತಿರುವ ದೋಷವನ್ನು ಸಹಿಸಿಕೊಳ್ಳುವುದು ಅವಳ ಕಂಪನಿಯ ಪದ್ಧತಿ, ನಮ್ಮ ಕಾರ್ಖಾನೆಯದಲ್ಲ. ಮಾವ ಸ್ನಾನ, ಪೂಜೆ ಎಂದು ಒಂದು ಗಂಟೆ ತೆಗೆದುಕೊಳ್ಳುತ್ತಾರೆ. ಅಷ್ಟರಲ್ಲಿ ಗೂಟದಲ್ಲಿದ್ದ ಅವರ ಅಂಗಿಯ ಜೇಬಿನಿಂದ ಚಾಕು ತೆಗೆದು, ಕುಟ್ಟಾಣಿಯನ್ನು ಬೋರಲು ಹಾಕಿ, ಅದರ ಮೇಲಿಟ್ಟು, ಅಲಗು ಕೂರಿಸಿದ ಮೊಳೆಗೆ ಸುತ್ತಿಗೆಯಿಂದ ಎರಡು ಏಟು ಕೊಟ್ಟೆ. ಅಲುಗಾಟ ನಿಂತಿತು. ಅಲ್ಲಿಗೆ ಬಿಟ್ಟಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಭದ್ರತೆಗೆ ಇರಲಿ ಎಂದು ಇನ್ನೊಂದು ಕೊಟ್ಟೆ. ಆಮೇಲೆ ಚಾಕು ಮಡಚಿದೆ, ತೆಗೆಯಲು ಹೋದೆ, ಬಿಗಿದುಕೊಂಡಿದ್ದ ಅಲಗು ಏಳಲಿಲ್ಲ, ಹೆಬ್ಬೆರಳಿನ ಉಗುರು ಮುರಿಯಿತು. ಪೂಜೆಯ ಗಂಟೆ ಕೇಳಿಸಿತು. ಚಾಕುವನ್ನು ಇದ್ದ ಜೇಬಿಗೇ ಸೇರಿಸಿ ಪೇಪರ್ ಓದುತ್ತ ಕೂತೆ.

ಊಟವಾಯಿತು, ಹಣ್ಣು ಬಂತು. ಮಾವ ಚಾಕು ತೆಗೆಯಲು ಒಮ್ಮೆ ನೋಡಿದರು, ಪಂಚೆಗೆ ಬೆರಳು ಒರೆಸಿಕೊಂಡು ಮತ್ತೊಮ್ಮೆ ನೋಡಿದರು, ಅಲಗು ಏಳಲಿಲ್ಲ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ತಮ್ಮ ಬೆರಳುಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡು, “ಬೆರಳಾಗ ಕಸುವು ಹೋತು ನೋಡವ್ವಾ” ಎಂದರು ಮಗಳಿಗೆ. ಸಂಜೆ ಊರಿನ ತಮ್ಮನಿಗೆ ಫೋನು ಮಾಡಿ, ತನಗೆ ವಯಸ್ಸಾಯಿತೆಂದು ಸಣ್ಣ ದನಿಯಲ್ಲಿ ಹೇಳಿಕೊಂಡರು. ಮರುದಿನ ಚಾಕುವನ್ನು ನನ್ನ ಮುಂದಿಟ್ಟು, “ನೀವ ಇಟ್ಕೋರಿ ಅಳಿಯಾರ. ನನ್ನ ಕೈಲೆ ಇನ್ನ ಆಗಂಗಿಲ್ಲ” ಎಂದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಗಿರಿಜಾ ನನ್ನ ಮುರಿದ ಉಗುರನ್ನೇ ನೋಡುತ್ತಿದ್ದಳು. ಅಡುಗೆಮನೆಗೆ ಕರೆದು, “ನೀವು ಹೇಳ್ತೀರೋ, ನಾನ ಹೇಳ್ಲೋ?” ಎಂದಳು. ಮೊದಲು ಸರಿಮಾಡಿಸಿ ಆಮೇಲೆ ಹೇಳುತ್ತೇನೆ ಎಂದು ಒಂದು ದಿನದ ವಾಯಿದೆ ಕೇಳಿಕೊಂಡೆ.

ನಾಂಪಲ್ಲಿ ಸ್ಟೇಷನ್ ಹಿಂದಿನ ಓಣಿಯಲ್ಲಿ ಕತ್ತರಿ, ಚಾಕು ರಿಪೇರಿ ಮಾಡುವ ಮುದುಕರೊಬ್ಬರಿದ್ದಾರೆ. ಚಾಕುವನ್ನು ಬೆಳಕಿಗೆ ಹಿಡಿದು, “ಅರೆ ಸಾಬ್, ಯಾರು ಹೊಡೆದದ್ದು ಇದಕ್ಕೆ?” ಎಂದರು. ಕಾರ್ಖಾನೆಯ ಒಬ್ಬರು ಎಂದೆ. “ಹಾಂ, ಹಂಗೇ ಕಾಣ್ತದೆ” ಎಂದರು. ಹಳೆಯ ಮೊಳೆ ತೆಗೆದು ಹೊಸದು ಹಾಕುವಾಗ ಅಲಗಿಗೂ ತಗಡಿಗೂ ನಡುವೆ ನ್ಯೂಸ್‌ಪೇಪರಿನ ಚೂರೊಂದನ್ನು ಸಿಕ್ಕಿಸಿ, ಮೊಳೆ ಬಡಿದು, ಕಾಗದವನ್ನು ಎಳೆದು ತೆಗೆದರು. ಅಷ್ಟು ಜಾಗ ಬಿಟ್ಟರೇ ಅಲಗು ಆಡುವುದಂತೆ. ಯಾವುದನ್ನು ನಾನು ಊನ ಎಂದುಕೊಂಡಿದ್ದೆನೋ ಅದನ್ನು ಮಾವನ ಊರಿನ ಕಮ್ಮಾರ ಬೇಕೆಂದೇ ಅಳೆದು ಬಿಟ್ಟಿದ್ದ. ಇಷ್ಟು ವರ್ಷ ಕೆಂಪು ಬಣ್ಣ ಬಳಿದವನಿಗೆ ನಿಜಕ್ಕೂ ನಾಚಿಕೆಯಾಯಿತು.

ಮನೆಗೆ ಬಂದು ಚಾಕುವನ್ನು ಮಾವನ ಕೈಗಿಟ್ಟೆ. ಅಂಜುತ್ತಲೇ ಉಗುರು ಸಿಕ್ಕಿಸಿದರು. ಟಕ್. ಮುಖ ಅರಳಿತು. ಅವರು ಏನನ್ನಾದರೂ ಹೇಳುವ ಮೊದಲೇ ಮೂರು ಏಟುಗಳ ಕಥೆಯನ್ನು ಒಂದೇ ಉಸಿರಿಗೆ ಒಪ್ಪಿಸಿದೆ. ಮಾವ ತಮ್ಮ ಬೆರಳುಗಳನ್ನು ಮತ್ತೊಮ್ಮೆ ತಿರುಗಿಸಿ ನೋಡಿಕೊಂಡರು. “ಅಂದ್ರ ನನ್ನ ಬೆರಳು ಚಲೋ ಅದಾವು?” ಎಂದರು. ಭಾಳ ಚಲೋ ಅದಾವ್ರಿ ಎಂದೆ. “ಹಂಗಾದ್ರ ಇದನ್ನ ನಾನ ಇಟ್ಕೋತೀನಿ” ಎಂದು ಚಾಕುವನ್ನು ಜೇಬಿಗೆ ಹಾಕಿಕೊಂಡು ಸೀದಾ ಫೋನಿನ ಹತ್ತಿರ ಹೋದರು.

“ಏ ತಮ್ಮಾ, ನನ್ನ ಕೈಗೆ ಏನೂ ಆಗಿಲ್ಲೋ! ನಮ್ಮ ಅಳಿಯಾರು ಸುತ್ತಿಗಿ ಹಿಡಿದಿದ್ರು, ಅಷ್ಟ... ಹೌದೋ, ಕಾರ್ಖಾನ್ಯಾಗ ಅದಾರ. ಇಲ್ಲೋ ಇಲ್ಲ, ಅಲ್ಲಿ ಬರೇ ನೋಡಾಕ ಇಟ್ಟಾರ. ಮಾಡಾಕ ಒಂದೂ ಕೊಟ್ಟಿಲ್ಲ. ಸರ್ಕಾರದವರು ಶಾಣ್ಯಾ ಅದಾರ ಬಿಡು.”