ಒದ್ದೆ ಬಟ್ಟೆಯಿಂದ ಒರೆಸಬಹುದಾದ ಹಳ್ಳಿ

...ಅಥವಾ ರಂಗದ ಮೇಲೆ ಹಾಸಿದ್ದು ಬಣ್ಣ ಬಳಿದ ತಾಡಪತ್ರಿಯೇ ಇದ್ದೀತು. ನನ್ನ ನೆನಪು ಮಾತ್ರ ರೆಕ್ಸಿನ್ ಎಂದೇ ಹಟ ಹಿಡಿಯುತ್ತದೆ. ಅದನ್ನು ನಂಬುವುದು ಹೇಗೆ? ಇಷ್ಟಂತೂ ನಿಜ: ಎಪ್ಪತ್ತರ ದಶಕದ ಡೊಂಬಿವಲಿಯಲ್ಲಿ, ಒದ್ದೆ ಬಟ್ಟೆಯಿಂದ ಒರೆಸಬಹುದಾದಂಥ ಹಳ್ಳಿಗಳನ್ನು ಕಟ್ಟುತ್ತಿದ್ದವನು ನನ್ನ ಕಾಕಾ ಒಬ್ಬನೇ.

ವಾರವಿಡೀ ಠಾಣೆ ಊರಿನ ಕಾರ್ಖಾನೆಯಲ್ಲಿ ಕ್ಲಾರ್ಕು. ರವಿವಾರ ನಮ್ಮ ಕನ್ನಡ ನಾಟಕಗಳಿಗೆ ರಂಗಸಜ್ಜಿಕೆ. ನಾಯಕಿ ಅವನ ಹೆಂಡತಿ, ನಮ್ಮ ಕಾಕು. ಕಾಕುಗೆ ದಮ್ಮು. ಚೂರು ಧೂಳು ಮೂಗಿಗೆ ಹೋದರೆ ಎದೆ ಸೀಟಿ ಹೊಡೆಯುತ್ತಿತ್ತು. ನಾಟಕ ಬಿಡು ಎಂದರೆ ಊಟ ಬಿಡುತ್ತಿದ್ದಳು. ಹಾಗಾಗಿ ಕಾಕಾ ಮಣ್ಣು, ಹುಲ್ಲು, ಬೂದಿಗಳನ್ನೇ ರಂಗದಿಂದ ಗಡೀಪಾರು ಮಾಡಿದ.

ಮಣ್ಣಿನ ಬದಲು ಕಂದು ರೆಕ್ಸಿನ್. ರೈತನ ಪಾತ್ರಧಾರಿ ಮಂಡಿಯೂರಿ, "ಆಹಾ, ನನ್ನ ನೆಲದ ವಾಸನೆ" ಎಂದಾಗ ಮುಂದಿನ ಸಾಲಿಗೆ ಹೊಸ ಬಸ್ಸಿನ ಸೀಟಿನ ವಾಸನೆ ಬಡಿಯಿತು. ಭಸ್ಮದ ಬದಲು ತುರಿಕೆಗೆ ಹಚ್ಚುವ ಗುಲಾಬಿ ಲೋಷನ್. ಋಷಿ ತಪಸ್ಸಿಗೆ ಕೂತಿದ್ದನೋ, ದಡಾರದಿಂದ ಮಲಗಿದ್ದವನು ಎದ್ದು ಬಂದಿದ್ದನೋ?

ಪಕ್ಕದೂರು ಕಲ್ಯಾಣದಲ್ಲಿ ಆದ ಪ್ರಯೋಗಕ್ಕೆ ಹುಲ್ಲಿನ ಬಣವೆ ಬೇಕಾಯಿತು. ಕಾಕಾ ಪ್ಯಾಕಿಂಗಿನ ಪ್ಲಾಸ್ಟಿಕ್ ಪಟ್ಟಿಗಳನ್ನು ಸೀಳಿ ರಾಶಿ ಹಾಕಿದ. ಕಾಕು ಒರಗಿದರೆ ಕರಕರ ಸದ್ದಿಗೆ ಅವಳ ಮಾತೇ ಕೇಳಿಸದು. ನಿರ್ದೇಶಕರು ಠಾಣೆಯ ನೌಪಾಡಾದಲ್ಲಿ ಹೋಟೆಲಿಟ್ಟ ಉಡುಪಿಯವರು.

"ಎಂಥ ಮಾರಾಯ್ರೇ, ಒಂದು ಕಟ್ಟು ಹುಲ್ಲು ತರ್ಲಿಕ್ಕೆ ನಿಮ್ಗೆ ಏನು ಕಷ್ಟ?"

"ಹುಲ್ಲ ತರ್ತೀನ್ರಿ. ಆಮ್ಯಾಲ ಉಸಿರು ಎಲ್ಲಿಂದ ತರ್ಲಿ?"

"ನಾ ಏನ ಗಾಜಿನ ಗೊಂಬಿ ಏನು?" ಎಂದು ಕಾಕು ಸಿಡುಕಿದಳು. ಆದರೂ ಆ ಕರಕರವನ್ನು ಮೀರಿಸಿ, ಹಿಂದಿನ ಸಾಲಿಗೂ ಮುಟ್ಟುವಂತೆ ಮಾತಾಡಿದಳು. ಪರದೆಯ ಹಿಂದೆ ನಿಂತ ಕಾಕಾ ಮಾತು ಕೇಳುತ್ತಿರಲಿಲ್ಲ, ಮಾತಿನ ನಡುವಿನ ಉಸಿರು ಕೇಳುತ್ತಿದ್ದ.

ಎಂಬತ್ತರ ದಶಕದಲ್ಲಿ ಅವರಿಗೆ ಕೋಪರಖೈರಣೆಯಲ್ಲಿ ಮನೆ ಸಿಕ್ಕಿತು. ಸುತ್ತ ಇನ್ನೂ ಕಟ್ಟುತ್ತಿದ್ದ ಊರು. ಸಿಮೆಂಟು, ಮರಳು, ಲಾರಿ. ಇಡೀ ಊರಿಗೆ ರೆಕ್ಸಿನ್ ಹಾಸಲಾದೀತೇ? ಕಾಕಾ ಕಿಟಕಿಗಳಿಗೆಲ್ಲ ಹಳೆಯ ಸೀರೆ ತೋಯಿಸಿ ಕಟ್ಟಿದ. ಎರಡನೆಯ ಬೇಸಿಗೆಯಲ್ಲಿ ಕಾಕು ಹೋದಳು.

ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತೇವೆ. ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಕೊಡಬೇಕು, ಮೊದಲು ಗಂಡ. ಕಾಕಾ ಮಣ್ಣು ಎತ್ತಿಕೊಂಡವನು ಹಾಕಲೇ ಇಲ್ಲ. ಕುಕ್ಕರಗಾಲಲ್ಲಿ ಕೂತು ಹೆಂಟೆ ಪುಡಿ ಮಾಡಿದ, ಹರಳು ಆರಿಸಿದ, ನೀರು ತರಿಸಿ ಚಿಮುಕಿಸಿದ.

"ಹಾಕ್ರಿ, ಹೊತ್ತಾತು," ಎಂದರು ಯಾರೋ.

"ತಡೀರಿ. ಧೂಳ ಏಳ್ತದ."

ಅವನ ವಿಚಿತ್ರ ಕೆಲಸಗಳಿಗೆ ಯಾವಾಗಲೂ ನಗುತ್ತಿದ್ದ ನಾವು ನೆಲ ನೋಡುತ್ತ ನಿಂತೆವು.

ಇದನ್ನೆಲ್ಲ ಈಚೆಗೆ ಅವನ ಮಗಳಿಗೆ ಹೇಳಿದೆ. "ಪಪ್ಪಾ ತೋ ಕುಛ್ ಬೋಲೇ ಹೀ ನಹೀ," ಅಂದಳು. ಅಪ್ಪ ಬಾಯಿಯೇ ಬಿಡಲಿಲ್ಲವಂತೆ, ನೀರೂ ತರಿಸಲಿಲ್ಲವಂತೆ. ಎಲ್ಲರಂತೆ ಹಾಕಿ ಪಕ್ಕಕ್ಕೆ ಸರಿದನಂತೆ. ಅವಳು ನನಗಿಂತ ಹತ್ತಿರ ನಿಂತಿದ್ದಳು. ನಾನು ಅದನ್ನು ಕಂಡೆನೋ, ಹಾಗೆ ಆಗಬೇಕಿತ್ತು ಅಂದುಕೊಂಡೆನೋ, ನನಗೆ ಗೊತ್ತಿಲ್ಲ.