ಮೂರು ಎಡಗಾಲಿನ ಬೂಟುಗಳು

ಗುಂಪಿನಲ್ಲಿ ಪ್ರವಾಸ ಹೋಗುವುದೆಂದರೆ ಜನ ಯಾಕೆ ಅಷ್ಟು ಹೆದರುತ್ತಾರೋ ನನಗೆ ಅರ್ಥವೇ ಆಗುತ್ತಿರಲಿಲ್ಲ. ಯೋಜನೆ ಸರಿಯಾಗಿದ್ದರೆ ತೊಂದರೆ ಎಲ್ಲಿಂದ ಬರುತ್ತದೆ? ಯೋಜನೆ ಹಾಕುವುದರಲ್ಲಿ ನನ್ನನ್ನು ಮೀರಿಸುವವರು ಅಮೆರಿಕದ ನಮ್ಮ ಬಡಾವಣೆ ಬೆರ್ರಿಯೆಸಾದಲ್ಲಿ ಯಾರೂ ಇಲ್ಲ ಎಂದು ನಾನು ನಂಬಿದ್ದೆ. ನನ್ನ ಗಂಡ ಮಂಜು ಕೂಡ ಇದನ್ನು ಒಪ್ಪಿಕೊಂಡಿದ್ದಾನೆ. ಒಪ್ಪದಿದ್ದರೆ ಏನಾಗುತ್ತದೆ ಎಂಬುದು ಅವನಿಗೆ ಗೊತ್ತು.

ಪ್ರವಾಸ ಹೊರಟದ್ದು ಹುಸೇನ್‌ಸಾಬ್ ಅವರಿಗೋಸ್ಕರ. ಅವರು ನಮ್ಮ ಪಕ್ಕದ ಅಪಾರ್ಟ್‌ಮೆಂಟಿನ ನಸೀಮಳ ಮಾವ. ಬಾದಾಮಿ ಹತ್ತಿರದ ಊರು, ನಲವತ್ತು ವರ್ಷ ಕಲ್ಲಿನ ಗೋಡೆ ಕಟ್ಟಿದ ಕೈ. ಮಗ ರಫೀಕನ ಮನೆಗೆ ಬಂದು ಮೂರು ತಿಂಗಳಾಗಿತ್ತು. ಗೋಲ್ಡನ್ ಗೇಟ್ ಸೇತುವೆ ತೋರಿಸಿದರೆ "ಚಲೋ ಐತಿ" ಎಂದು ಸುಮ್ಮನಾದರು. ಬರ್ಕ್ಲಿಯ ಕ್ಯಾಂಪಸ್ಸಿಗೆ ಕರೆದುಕೊಂಡು ಹೋದರೆ ಗಡಿಯಾರದ ಗೋಪುರಕ್ಕೆ ಕತ್ತೆತ್ತಿ, "ಬಣ್ಣದ ಕಲ್ಲು ಒಂದೂ ಇಲ್ಲಲಾ" ಎಂದರು. ಅವರ ಕಣ್ಣು ನೆಟ್ಟಿದ್ದದ್ದು ನಸೀಮಳ ಅಡುಗೆಮನೆಯ ಕ್ಯಾಲೆಂಡರಿನ ಮೇಲೆ. ಅದರಲ್ಲಿ ಅರಿಜೋನಾ ಮರುಭೂಮಿಯ ಒಂದು ಚಿತ್ರ. ದೊಡ್ಡ ಬಂಡೆಯ ಗವಿ, ಗವಿಯೊಳಗೆ ಸಾವಿರ ವರ್ಷದ ಹಿಂದಿನ ಜನ ಕಟ್ಟಿದ ಕಲ್ಲಿನ ಮನೆಗಳು. ದಿನಾ ಬೆಳಿಗ್ಗೆ ಚಹಾ ಹಿಡಿದು ಅದರ ಮುಂದೆ ನಿಲ್ಲುತ್ತಿದ್ದರು.

"ಶೈಲಾ ಬಾಯಿ, ಆ ಗೋಡಿ ಹ್ಯಾಂಗ ನಿಂತಾವ ಒಮ್ಮೆ ಕಣ್ಣಾರೆ ನೋಡಬೇಕವ್ವಾ" ಎಂದರು ಒಂದು ದಿನ. "ಮುಂದಿನ ಮಂಗಳವಾರ ನಮ್ಮ ಇಮಾನ ಊರಿಗೆ ಹಾರತೈತಿ. ಮತ್ತ ಬರತೀನೋ ಇಲ್ಲೋ."

ಅಲ್ಲೇ ಮಾತು ಕೊಟ್ಟೆ. "ನೀವು ಆ ಗೋಡೆ ನೋಡ್ದೆ ಈ ದೇಶ ಬಿಡಲ್ಲ ಚಾಚಾ. ನಾನಿದೀನಿ!"

ಆ ಕೊನೆಯ ಒಂದು ಪದವೇ ಎಲ್ಲ ಅನಾಹುತಕ್ಕೆ ಮೂಲ.

ಒಟ್ಟು ಆರು ಜನ: ನಾನು, ಮಂಜು, ಹನ್ನೆರಡು ವರ್ಷದ ಮಗಳು ಇಂಚರ, ನಸೀಮ, ರಫೀಕ್, ಚಾಚಾ. ಬಾಡಿಗೆಯ ಒಂದೇ ವ್ಯಾನು. ಶುಕ್ರವಾರ ದಾರಿ, ಶನಿವಾರ ಹತ್ತಿರದ ಬೇರೊಂದು ಗವಿ, ರಾತ್ರಿ ಟೆಂಟು, ಭಾನುವಾರ ಹತ್ತಕ್ಕೆ ಸರಿಯಾಗಿ ಕ್ಯಾಲೆಂಡರಿನ ಪುರಾತನ ಗೋಡೆ, ಮಧ್ಯಾಹ್ನ ವಾಪಸು. ಗೋಡೆ ನೋಡಲು ರೇಂಜರ್ ಜೊತೆಗೇ ಹೋಗಬೇಕು. ಆ ಹತ್ತು ಗಂಟೆಯ ಗುಂಪಿನಲ್ಲಿ ಮಾತ್ರ ನಮಗೆ ಜಾಗ ಸಿಕ್ಕಿತ್ತು. ತಪ್ಪಿದರೆ ಮುಂದಿನ ವಾರವೇ. ಹಾಗಾಗಿ ನಾನು ನಾಲ್ಕು ಪುಟದ ವೇಳಾಪಟ್ಟಿ ಮುದ್ರಿಸಿ ಎಲ್ಲರಿಗೂ ಹಂಚಿದೆ. ಭಾನುವಾರ ಆರೂವರೆಗೆ "ಮರುಭೂಮಿಯಲ್ಲಿ ಸೂರ್ಯನಮಸ್ಕಾರ" ಎಂದೂ ಅದರಲ್ಲಿತ್ತು. ಯೋಗದ ಮ್ಯಾಟು ಎರಡು ತೆಗೆದುಕೊಂಡೆ.

ಹೊರಡುವ ದಿನ ಸಾಮಾನು ತಪಾಸಣೆ ನಡೆಸಿದೆ. ಮಂಜುವಿನ ಬ್ಯಾಗಿನಲ್ಲಿ ಒಂದು ಜೊತೆ ಹಳೆಯ ನೀಲಿ ಬಚ್ಚಲ ಚಪ್ಪಲಿ ಸಿಕ್ಕಿತು.

"ಇದ್ಯಾಕೆ?"

"ಇರ್ಲಿ ಬಿಡು ಶೈಲಾ. ಮಂಡ್ಯದೋರು ಎಲ್ಲಿಗೋದ್ರೂ ಬಚ್ಚಲ ಚಪ್ಪಲಿ ಬಿಟ್ಟೋಗಲ್ಲ."

"ಒಬ್ಬರಿಗೆ ಒಂದೇ ಜೊತೆ ಅಂತ ಪುಟ ಎರಡರಲ್ಲಿ ಬರ್ದಿದೀನಿ. ಓದಿಲ್ವಾ?"

ಚಪ್ಪಲಿಯನ್ನು ತೆಗೆದು ಬಾಗಿಲ ಹೊರಗೆ ಬಿಸಾಕಿ, ಅದೇ ಜಾಗದಲ್ಲಿ ಇಡ್ಲಿ ಸ್ಟ್ಯಾಂಡು ತುರುಕಿದೆ. ಎಲ್ಲರ ಬ್ಯಾಗಿನಿಂದಲೂ ಎರಡನೇ ಜೊತೆಯನ್ನು ನಿರ್ದಾಕ್ಷಿಣ್ಯವಾಗಿ ಕಿತ್ತುಹಾಕಿದೆ. ಶಿಸ್ತು ಎಂದರೆ ಶಿಸ್ತು!

ಶನಿವಾರ ಗವಿಯ ಬಾಗಿಲಲ್ಲಿ ಒಬ್ಬಳು ರೇಂಜರ್ ನಮ್ಮನ್ನು ತಡೆದಳು. ಬೇರೆ ಗವಿಗೆ ಹೋದ ಬೂಟಿನಲ್ಲಿ ಇಲ್ಲಿಗೆ ಬಂದರೆ ಬಾವಲಿಗಳಿಗೆ ರೋಗ ತಗುಲುತ್ತದಂತೆ. ನೀವು ಯಾರಾದರೂ ಈ ಮೊದಲು ಗವಿಗೆ ಹೋಗಿದ್ದೀರಾ ಎಂದು ಕೇಳಿದಳು. ರಫೀಕ್ ಅದನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳಿದ್ದೇ ತಪ್ಪಾಯಿತು.

ಚಾಚಾ ಎದೆಯುಬ್ಬಿಸಿ ನಾಲ್ಕು ಬೆರಳು ತೋರಿಸಿದರು. "ನಾಕು! ಬಾದಾಮ್ಯಾಗ ನಾಕೂ ಗವಿ ನೋಡೇನಿ ಅಂತ ಹೇಳೋ. ಸಣ್ಣಾಂವ ಇದ್ದಾಗಿಂದ ನೋಡೇನಿ!"

"ಅವರ ಬೂಟು ಹೊಸದು" ಎಂದು ನಸೀಮ ಎಷ್ಟು ಹೇಳಿದರೂ ರೇಂಜರ್ ಕೇಳಲಿಲ್ಲ. ಆರೂ ಜನರ ಬೂಟನ್ನು ಬ್ರಷ್ಷು ಹಾಕಿ ತೊಳೆಸಿದಳು. ಒಳಗೆ ಹೋದರೆ ಕೆಂಪು ಕೆಸರು. ಹೊರಗೆ ಬರುವಷ್ಟರಲ್ಲಿ ಬೂಟುಗಳು ಗದ್ದೆ ಉತ್ತು ಬಂದಂತಿದ್ದವು. ಚಾಚಾ ಮಾತ್ರ ಖುಷಿಯಲ್ಲಿದ್ದರು. "ಗವಿ ಚಲೋ ಐತಿ. ಆದ್ರ ಕೆತ್ತೋರು ಯಾರೂ ಬಂದಿಲ್ಲ ನೋಡು" ಎಂದು ವಿಷಾದ ವ್ಯಕ್ತಪಡಿಸಿದರು.

ಸಂಜೆ ಟೆಂಟು ಹಾಕಿದ ಮೇಲೆ ನಾನು ಪಾದರಕ್ಷೆಗಳ ಬಗ್ಗೆ ಒಂದು ಚಿಕ್ಕ ಭಾಷಣ ಮಾಡಿದೆ. ಟೆಂಟೂ ಒಂದು ಮನೆಯೇ. ಮನೆಯೊಳಗೆ ಬೂಟು ಹಾಕಿಕೊಂಡು ಬರುವುದು ನಮ್ಮಲ್ಲಿ ಇಲ್ಲ. ಅದರಲ್ಲೂ ಈ ಕೆಸರಿನ ಬೂಟು! ನಾನೇ ಕೂತು ಹನ್ನೆರಡೂ ಬೂಟನ್ನು ತಿಕ್ಕಿ ತೊಳೆದು, ಟೆಂಟುಗಳ ಮುಂದೆ ಸಾಲಾಗಿ ಒಣಗಲು ಇಟ್ಟೆ.

"ಅಮ್ಮಾ, ಐ ಥಿಂಕ್ ಒಳಗಿಡ್ಬೇಕು" ಎಂದಳು ಇಂಚರ.

"ನಮ್ಮನೆಲಿ ಯಾವತ್ತಾದ್ರೂ ಒಳಗಿಟ್ಟಿದೀವಾ?"

"ನೋ, ಬಟ್..."

"ಬಟ್ ಇಲ್ಲ ಗಿಟ್ ಇಲ್ಲ. ಮಲ್ಕೋ."

ಕೈ ಒರೆಸಿದ ಟವಲ್ ಒದ್ದೆಯಾಗಿತ್ತು. ಪಕ್ಕದಲ್ಲೇ ಒಂದು ಕಂಬಕ್ಕೆ ಹಲಗೆ ಹೊಡೆದಿದ್ದರು. ಒಣಗಲು ಹೇಳಿ ಮಾಡಿಸಿದ ಹಾಗಿತ್ತು. ಟವಲನ್ನು ಅದರ ಮೇಲೆ ಹರಡಿ, ನಾಳೆಯ ವೇಳಾಪಟ್ಟಿಯನ್ನು ಇನ್ನೊಮ್ಮೆ ಓದಿ, ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಬೆಳಿಗ್ಗೆ ಆರೂವರೆಗೆ ಸೂರ್ಯನಮಸ್ಕಾರಕ್ಕೆಂದು ಟೆಂಟಿನ ಜಿಪ್ಪು ತೆಗೆದರೆ, ಎದುರಿಗೆ ಸೂರ್ಯ ಇದ್ದ. ಬೂಟು ಇರಲಿಲ್ಲ!

ಹನ್ನೆರಡರಲ್ಲಿ ಉಳಿದಿದ್ದವು ಮೂರು. ಮೂರೂ ಎಡಗಾಲಿನವು. ಒಂದು ಮಂಜುವಿನದು, ಒಂದು ನಸೀಮಳದು, ಒಂದು ಇಂಚರಳದು. ಮರಳಿನ ಮೇಲೆ ಪುಟ್ಟ ಪುಟ್ಟ ಪಾದದ ಗುರುತುಗಳು ಗುಡ್ಡದ ಕಡೆಗೆ ಹೋಗಿದ್ದವು.

"ಯಾರೋ ಕಳ್ಳರು!" ಎಂದು ನಾನು ಕೂಗಿದೆ.

ಇಂಚರ ಹಲಗೆಯ ಮೇಲಿನ ಟವಲ್ ಎತ್ತಿದಳು. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ಬೂಟುಗಳನ್ನು ಹೊರಗೆ ಬಿಡಬೇಡಿ, ನರಿಗಳು ಒಯ್ಯುತ್ತವೆ. ಓದಲು ಬಾರದವರಿಗೂ ತಿಳಿಯಲಿ ಎಂದು, ಬಾಯಲ್ಲಿ ಬೂಟು ಕಚ್ಚಿಕೊಂಡ ನರಿಯ ಚಿತ್ರವನ್ನೂ ಬರೆದಿದ್ದರು.

ಯಾರೂ ನನ್ನನ್ನು ಬಯ್ಯಲಿಲ್ಲ. ಅದೇ ಹೆಚ್ಚು ಕಷ್ಟವಾಗಿದ್ದು. ಮಂಜು "ಬಚ್ಚಲ ಚಪ್ಪಲಿ" ಎಂದು ಬಾಯಿ ತೆರೆದವನು ನನ್ನ ಮುಖ ನೋಡಿ ಬರಿ "ಬ" ಎಂದು ನಿಲ್ಲಿಸಿದ.

ಅಂಗಡಿ ಇರುವ ಊರಿಗೆ ಹೋಗಿ ಬರಲು ನಾಲ್ಕು ಗಂಟೆ ಬೇಕು. ಹತ್ತು ಗಂಟೆಯ ಗುಂಪು ತಪ್ಪುತ್ತದೆ. ಗೋಡೆಯ ದಾರಿಯೋ ಒಂದು ಮೈಲಿ, ಬರೀ ಚೂಪು ಕಲ್ಲು, ಕಳ್ಳಿಮುಳ್ಳು. ರಫೀಕ್ ಅಪ್ಪನ ಹೆಗಲ ಮೇಲೆ ಕೈಯಿಟ್ಟು, "ಅಬ್ಬಾ, ಬಿಡ್ರಿ, ಫೋಟೋದಾಗ ನೋಡೂಣು" ಎಂದ. ಚಾಚಾ "ಹೂಂ, ಅಷ್ಟ ಆತಲ್ಲ" ಎಂದು ನಕ್ಕು, ಗುಡ್ಡದ ಕಡೆಗೆ ಮುಖ ತಿರುಗಿಸಿದರು. ಆ ನಗು ನೋಡಿ ನನಗೆ ಅಳು ಬಂತು. ಅದರ ಹಿಂದೆಯೇ ಹಟವೂ ಬಂತು. ನರಿ ಬೂಟು ಒಯ್ದಿರಬಹುದು, ನನ್ನ ಮಾತನ್ನು ಒಯ್ಯಲು ಬಿಡುವುದಿಲ್ಲ!

ಮೊದಲು ಎರಡು ಟವಲನ್ನು ಕಾಲಿಗೆ ಸುತ್ತಿ ಮೇಲೆ ಟೇಪು ಹಚ್ಚಿದೆ. ಎರಡೂ ಕಾಲು ಮುರಿದುಕೊಂಡವಳ ಹಾಗೆ ಹತ್ತು ಹೆಜ್ಜೆ ನಡೆದೆ. ಹನ್ನೊಂದನೆಯ ಹೆಜ್ಜೆಗೆ ಟೇಪು ಬಿಚ್ಚಿಕೊಂಡು, ಅಂಟಿಗೆ ಮರಳು, ಮುಳ್ಳು, ಒಂದು ಇರುವೆಗೂಡು ಎಲ್ಲ ಸೇರಿ ಟವಲು ಹಿಂದೆ ಉಳಿಯಿತು, ನಾನು ಮಾತ್ರ ಮುಂದೆ ಹೋದೆ.

ಆಗ ಕಣ್ಣಿಗೆ ಬಿದ್ದದ್ದು ಇಡ್ಲಿ ಸ್ಟ್ಯಾಂಡು.

"ಬೇಡ ಶೈಲಾ" ಎಂದ ಮಂಜು. ಹನ್ನೆರಡು ಗುಳಿ, ಗುಳಿಗೆಲ್ಲ ತೂತು. ದಾರ ಪೋಣಿಸಲು ದೇವರೇ ಕೊರೆದಂತಿತ್ತು. ಎರಡು ತಟ್ಟೆಯನ್ನು ಪಾದಕ್ಕೆ ಕಟ್ಟಿಕೊಂಡು ಎದ್ದು ನಿಂತೆ. ಟಣ್! ಒಂದು ಹೆಜ್ಜೆ. ಟಣ್! ಎರಡು ಹೆಜ್ಜೆ. ಮೂರನೆಯದಕ್ಕೆ ತಟ್ಟೆ ಕಲ್ಲಿನ ಮೇಲೆ ಜಾರಿತು. ಮರಳಿನ ಮೇಲೆ ಕೂತಿದ್ದಾಗ ಪಕ್ಕದ ಟೆಂಟಿನ ಅಮೆರಿಕನ್ ಅಜ್ಜಿ ಬಂದು ಇದು ಯಾವುದಾದರೂ ನೃತ್ಯವೇ ಎಂದು ಗೌರವದಿಂದ ಕೇಳಿದಳು.

"ಯವ್ವಾ, ಸಾಕು" ಎಂದರು ಚಾಚಾ. ಅವರ ಕಣ್ಣಲ್ಲಿ ನಗುವಿನ ನೀರು. "ಆ ನೆಲಕ್ಕ ಹಾಸೋದು ಕೊಡು ಇಲ್ಲಿ. ತರಕಾರಿ ಚಾಕು ಐತೇನು?"

ಯೋಗದ ನೇರಳೆ ಮ್ಯಾಟು ಎರಡನ್ನೂ ಕೊಟ್ಟೆ. ನಸೀಮಳ ಕಾಲನ್ನು ಅದರ ಮೇಲೆ ಇಡಿಸಿ ಸುತ್ತ ಗೆರೆ ಎಳೆದರು. ಕತ್ತರಿಸಿ, ಎರಡು ಪದರ ಸೇರಿಸಿ, ಸ್ಕ್ರೂಡ್ರೈವರಿನಿಂದ ತೂತು ಹಾಕಿ, ಟೆಂಟಿನ ಹಗ್ಗ ಬಿಗಿದರು. "ಕಲ್ಲಿನ ಖಣಿಯಾಗ ಹುಡುಗ ಇದ್ದಾಗ ಟೈರಿಲೆ ಮಾಡತಿದ್ವಿ. ಇದು ಬೆಣ್ಣಿ ಇದ್ದಂಗ ಐತಿ" ಎಂದರು. ಒಂಬತ್ತೂವರೆಗೆ ಆರು ಜೊತೆ ನೇರಳೆ ಬಣ್ಣದ ಚಪ್ಪಲಿ ತಯಾರು. ನಾನು ತಂದ ಸಾಮಾನಿನಲ್ಲಿ ಉಪಯೋಗಕ್ಕೆ ಬಂದದ್ದು ಆ ಮ್ಯಾಟೊಂದೇ, ಅದೂ ನಾನು ಅಂದುಕೊಂಡ ಕೆಲಸಕ್ಕಲ್ಲ.

ಹತ್ತಕ್ಕೆ ಎರಡು ನಿಮಿಷ ಇರುವಾಗ ನಾವು ಗುಂಪು ಹೊರಡುವ ಜಾಗದಲ್ಲಿದ್ದೆವು. ರೇಂಜರ್ ಮುದುಕ ನಮ್ಮ ಪಾದಗಳನ್ನು ನೋಡಿದ, ಮುಖಗಳನ್ನು ನೋಡಿದ, ಎಣಿಸಿ ಗುಂಪಿಗೆ ಸೇರಿಸಿಕೊಂಡ.

ಚೂಪು ಕಲ್ಲಿನ ಮೈಲಿ ಮುಗಿಸಿ ಬಂಡೆಯ ನೆರಳಿಗೆ ತಿರುಗಿದ ಕೂಡಲೇ ಗೋಡೆ ಕಂಡಿತು. ಮುಟ್ಟಬಾರದು ಎಂದು ರೇಂಜರ್ ಹೇಳಿದ್ದ. ಚಾಚಾ ಎರಡೂ ಕೈಯನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡು, ಮೂಗು ತಾಗುವಷ್ಟು ಹತ್ತಿರ ನಿಂತರು. ಬಹಳ ಹೊತ್ತು ನಿಂತರು.

"ಇದನ್ನ ಇಬ್ಬರು ಕಟ್ಯಾರ" ಎಂದರು ಕೊನೆಗೆ. "ಈ ಕಡೆ ಕೈ ಪಳಗಿದಾಂವಂದು. ಆ ಕಡೆ ಇನ್ನೂ ಕಲಿಯಾಂವ. ನೋಡು, ಕಲ್ಲಿನ ಸಂದಿನ ಮ್ಯಾಲ ಮತ್ತ ಸಂದು ಬಿಟ್ಟಾನ, ಗೋಡಿ ಅಲ್ಲೇ ಸೀಳೋದು. ಬೈಸ್ಕೊಂಡಿರ್ತಾನ."

ಇಂಚರ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ರೇಂಜರ್ ಟೋಪಿ ತೆಗೆದು ಗೋಡೆಯನ್ನು ಹೊಸದಾಗಿ ನೋಡಿದ. ಇಪ್ಪತ್ತು ವರ್ಷದಿಂದ ಜನರಿಗೆ ತೋರಿಸುತ್ತಿದ್ದೇನೆ, ಇದು ನನಗೆ ಕಂಡಿರಲಿಲ್ಲ ಎಂದ. ಮಾತು ಉಳಿಯಿತು, ನಾನು ಗೆದ್ದೆ ಎಂದುಕೊಂಡೆ. ಸ್ವಲ್ಪ ಬೀಗಿದೆ ಕೂಡ.

ಬೀಗಿದ್ದು ಐದು ನಿಮಿಷ. ಇಳಿದು ಬಂದ ಮೇಲೆ ಅಲ್ಲಿದ್ದ ಚಿಕ್ಕ ವಸ್ತುಸಂಗ್ರಹದ ಕೋಣೆಗೆ ರೇಂಜರ್ ನಮ್ಮನ್ನು ತಾನಾಗಿ ಕರೆದ. ಗಾಜಿನ ಪೆಟ್ಟಿಗೆಯಲ್ಲಿ ನಾರಿನಿಂದ ಹೆಣೆದ ಒಂದು ಜೊತೆ ಚಪ್ಪಲಿ. ಗೋಡೆ ಕಟ್ಟಿದ ಜನರದ್ದು. ಹಗ್ಗ ಬಿಗಿದ ರೀತಿ ಥೇಟ್ ಚಾಚಾ ಮಾಡಿದ ಹಾಗೇ ಇತ್ತು. ಸಾವಿರ ವರ್ಷವಾದರೂ ಎಡ ಬಲ ಎರಡೂ ಇದ್ದವು!

ಇಂಚರ ಕೆಳಗಿನ ಬರಹ ಓದಿ ನಿಧಾನವಾಗಿ ನನ್ನ ಕಡೆ ತಿರುಗಿದಳು.

"ಅಮ್ಮಾ, ಇದು ಸಿಕ್ಕಿದ್ದು ಎಲ್ಲಿ ಗೊತ್ತಾ? ಮನೆ ಒಳಗೆ. ದೇ ಕೆಪ್ಟ್ ದೆಮ್ ಇನ್‌ಸೈಡ್."

ಚಾಚಾ ನನ್ನ ತಲೆಯ ಮೇಲೆ ಕೈಯಿಟ್ಟರು. "ಇರಲಿ ಬಿಡವ್ವಾ. ಅವ್ರೇನು ಹುಟ್ಟತ್ಲೇ ಕಲ್ತಿದ್ರೇನು? ಮೊದಲ ಯಾರದೋ ಒಂದು ಜೋಡು ನರಿ ಒಯ್ದಿರ್ತೈತಿ."

ಸೋಮವಾರ ಬೆರ್ರಿಯೆಸಾಗೆ ಬಂದು ನೇರಳೆ ಚಪ್ಪಲಿಯಲ್ಲಿ ಮೆಟ್ಟಿಲು ಹತ್ತಿದರೆ, ಮಂಜುವಿನ ನೀಲಿ ಬಚ್ಚಲ ಚಪ್ಪಲಿ ಬಾಗಿಲ ಬಳಿ ನಾನು ಬಿಸಾಕಿದ ಹಾಗೇ ಬಿದ್ದಿತ್ತು. ಅತ್ತ ಇತ್ತ ನೋಡಿ, ಅದನ್ನು ಎತ್ತಿಕೊಂಡು ಹೋಗಿ ನಾನೇ ಮನೆಯೊಳಗೆ ಇಟ್ಟೆ.