ಕೆನ್ನೆಯ ಮೇಲೆ ಬಿಳಿ ಚುಕ್ಕೆ

ಬೆಳಿಗ್ಗೆ ಗಾಜಿನ ತೊಟ್ಟಿ ಒರೆಸುತ್ತಿದ್ದ ಕಾಂಪೌಂಡರನ ಕೈ ಅಲ್ಲೇ ನಿಂತಿತು. ಡಾಕ್ಟರಮ್ಮನ ಚಿನ್ನದ ಮೀನಿನ ಕೆನ್ನೆಯ ಮೇಲೆ ಬಿಳಿ ಚುಕ್ಕೆಗಳೆದ್ದಿದ್ದವು, ಯಾರೋ ಸಕ್ಕರೆ ಉದುರಿಸಿದ ಹಾಗೆ.

ಆ ಹಲ್ಲಿನ ಆಸ್ಪತ್ರೆಯಲ್ಲಿ ರೋಗಿಗಳು ಕಾಯುವ ಕೋಣೆಗೆ ಬರುವ ಬೆಳಕೇ ಹಸಿರು. ಕಿಟಕಿಯ ಬಿಸಿಲು ತೊಟ್ಟಿಯ ನೀರು ದಾಟಿ ಬಂದು ಗೋಡೆಯ ಮೇಲೆ ಅಲೆಯಾಗುತ್ತಿತ್ತು. ಕೂತವರು ಮೀನನ್ನೇ ನೋಡುತ್ತ, ನೋವು ಮರೆತು, ನೀರಿನಡಿಯ ಗಿಡಗಳಂತೆ ತೂಗುತ್ತಿದ್ದರು. ಒಳಗೆ ಚಿಕ್ಕ ಡಾಕ್ಟರು ಹಲ್ಲು ಕೊರೆಯುವ ಸದ್ದು ಕೂಡ ದೂರದ ದುಂಬಿಯ ಹಾಡಿನಂತೆ ಕೇಳುತ್ತಿತ್ತು.

ಡಾಕ್ಟರಮ್ಮ ಆ ದಿನ ಊರಲ್ಲಿರಲಿಲ್ಲ. ಹೋಗುವಾಗ ಹೇಳಿದ್ದರು: “ಸಂಜೆ ನಾನು ಬರೋವಾಗ ಮೀನು ಚೆನ್ನಾಗಿದ್ರೆ ನಾಳೆಯಿಂದ ನಿನಗೆ ಒಂದು ವಾರ ರಜ. ಅದಕ್ಕೇನಾದ್ರೂ ಆಯ್ತೋ, ರಜ ಅಲ್ಲ, ಕೆಲಸಾನೇ ಇರಲ್ಲ.” ಕಾಂಪೌಂಡರನ ಹೆಂಡತಿ ತವರಿನಲ್ಲಿ ಮಗಳನ್ನು ಹೆತ್ತಿದ್ದಳು. ಅವನಿನ್ನೂ ಮಗುವಿನ ಮುಖ ನೋಡಿರಲಿಲ್ಲ.

“ಬಿಳಿಚುಕ್ಕೆ ರೋಗ ಕಣಯ್ಯಾ,” ಎಂದರು, ಕಟ್ಟಿಸಿದ ಹಲ್ಲು ಕೂರುತ್ತಿಲ್ಲವೆಂದು ದಿನಾ ಬರುವ ನಿವೃತ್ತ ಮೇಷ್ಟ್ರು. “ಹುಳ ಅದು, ಚರ್ಮದೊಳಗೆ ಸೇರ್ಕೊಂಡು ತಿನ್ನುತ್ತೆ. ಉಪ್ಪು ಹಾಕು.”

“ನೀವು ಮೀನು ಸಾಕಿದ್ರಾ ಮೇಷ್ಟ್ರೇ?”

“ಸಾಕಿಲ್ಲ. ಪಾಠ ಮಾಡಿದೀನಿ.”

ಉಪ್ಪು ಬಿತ್ತು. ಮೀನು ಗಿಡದ ಹಿಂದೆ ಸರಿಯಿತು.

“ಬರೀ ಉಪ್ಪು ಸಾಲಲ್ಲ ಮಗಾ, ಶಾಖ ಕೊಡ್ಬೇಕು,” ಎಂದಳು ಒಂದು ಕೆನ್ನೆ ಬನ್ನಿನಂತೆ ಊದಿದ್ದ ದೊಡ್ಡಮ್ಮ. ಒತ್ತಿಕೊಂಡಿದ್ದ ಬಿಸಿನೀರಿನ ಚೀಲ ತೆಗೆದು ಗಾಜಿಗೆ ಆನಿಸಿಯೇ ಬಿಟ್ಟಳು. “ನನಗೆ ಹಿತವಾಗಿದೆ. ಅದಕ್ಕೂ ಕೆನ್ನೆಯೇ ತಾನೆ?”

ಮೀನು ಮೂಲೆ ಹಿಡಿದು, ಹಲ್ಲು ಕೀಳಿಸಲು ಸರದಿ ಕಾಯುವವರಂತೆ ಮುಖ ಸಣ್ಣದು ಮಾಡಿಕೊಂಡಿತು.

“ಹುಳ ಸಾಯ್ತಿದೆ ನೋಡು,” ಎಂದರು ಮೇಷ್ಟ್ರು.

“ನನಗೇನೋ ಮೀನೇ ಮೊದಲು ಹೋಗೋ ಹಾಗೆ ಕಾಣ್ತಿದೆ,” ಎಂದಳು ದೊಡ್ಡಮ್ಮ.

ಕಾಂಪೌಂಡರ್ ತಡಮಾಡಲಿಲ್ಲ. ತನ್ನ ಊಟದ ಡಬ್ಬಿ ತೊಳೆದು, ನೀರು ತುಂಬಿ, ಮೀನನ್ನು ಅದಕ್ಕಿಳಿಸಿದ. ಮಧ್ಯಾಹ್ನದ ಬೀದಿ ತೂಕಡಿಸುತ್ತಿತ್ತು. ಎಳೆಗೂಸನ್ನು ಎತ್ತಿಕೊಂಡವನಂತೆ ಡಬ್ಬಿಯನ್ನು ಎದೆಗವಚಿ ನಡೆದ. ಹೆಜ್ಜೆಗೊಮ್ಮೆ ಒಳಗೆ ನೀರು ತುಳುಕಿದಾಗ, ಯಾಕೋ ಗೊತ್ತಿಲ್ಲ, “ಓ ಓ, ಆಯ್ತು ಕಂದಾ” ಅಂದ.

ಬೀದಿಯ ಕೊನೆಯ ಸಾಕುಮೀನಿನ ಅಂಗಡಿಯವನು ಡಬ್ಬಿಯೊಳಗೆ ಇಣುಕಿದ. ಅವನ ಹುಬ್ಬು ಮೇಲೇರಿತು, ಆಮೇಲೆ ಮುಖ ಸಪ್ಪಗಾಯಿತು.

“ಅಯ್ಯೋ ಅಣ್ಣಾ, ಇದು ಕೈಮೀರಿದೆ. ಇಲ್ಲೇ ಬಿಟ್ಟು ಹೋಗಿ, ನಾನು ನೋಡ್ಕೋತೀನಿ. ಇದೇ ಅಳತೆ, ಇದೇ ಬಣ್ಣದ್ದು ಇನ್ನೊಂದು ಕೊಡ್ತೀನಿ. ಕೆನ್ನೆ ನೋಡಿ, ಬೆಣ್ಣೆ.”

“ಡಾಕ್ಟರಮ್ಮಂಗೆ ಗೊತ್ತಾದ್ರೆ?”

“ಮೀನು ಬಾಯಿಬಿಟ್ಟು ಹೇಳುತ್ತಾ?”

ಕಾಂಪೌಂಡರ್ ಜೇಬು ಬರಿದು ಮಾಡಿಕೊಂಡು ಬಂದ. ಉಪ್ಪುನೀರು ಚೆಲ್ಲಿ, ಹೊಸ ನೀರು ತುಂಬಿ, ಹೊಸ ಮೀನನ್ನು ಬಿಟ್ಟ. ಮೇಷ್ಟ್ರು ಒಳಗೆ ಕಟ್ಟಿಸಿದ ಹಲ್ಲು ಸರಿಮಾಡಿಸಿಕೊಂಡು ಬಂದವರು ತೊಟ್ಟಿ ನೋಡಿ, “ಹೇಗಿದೆ ಉಪ್ಪಿನ ಮಹಿಮೆ!” ಎಂದರು. “ಶಾಖದ್ದು,” ಎಂದಳು ಆಗಷ್ಟೇ ತೂಕಡಿಕೆಯಿಂದ ಎಚ್ಚೆತ್ತ ದೊಡ್ಡಮ್ಮ. ಕಾಂಪೌಂಡರ್ ಗಾಜು ಒರೆಸತೊಡಗಿದ. ಗೋಡೆಯ ಮೇಲೆ ತೂಗುವ ಅಲೆಗಳಲ್ಲಿ ಅವನಿಗೊಂದು ತೊಟ್ಟಿಲು ಕಾಣುತ್ತಿತ್ತು.

ಸಂಜೆ ಡಾಕ್ಟರಮ್ಮ ಬಂದರು. ತೊಟ್ಟಿಯತ್ತ ನೋಡಿ ಮುಖ ಅರಳಿತು.

“ಚೆನ್ನಾಗಿ ನೋಡ್ಕೊಂಡಿದೀಯ ಕಣೋ. ಇಲ್ಲಿ ನೋಡು, ಬೀದಿ ಕೊನೆಯ ಅಂಗಡಿಯಲ್ಲಿ ಇದಕ್ಕೊಂದು ಜೊತೆ ಸಿಕ್ತು.”

ನೀರು ತುಂಬಿದ ಚೀಲದೊಳಗೆ ಚಿನ್ನದ ಮೀನೊಂದು ತಿರುಗುತ್ತಿತ್ತು. ಅದರ ಕೆನ್ನೆಯ ಮೇಲೆ, ಸಕ್ಕರೆ ಉದುರಿಸಿದ ಹಾಗೆ, ಬಿಳಿ ಚುಕ್ಕೆಗಳು.

“ಅಮ್ಮಾ... ಅದಕ್ಕೆ ರೋಗ...”

“ರೋಗ ಅಲ್ವೋ ದಡ್ಡ! ಗಂಡಿಗೆ ಪ್ರಾಯ ಬಂದಾಗ ಹೀಗೆ ಕೆನ್ನೆ ಮೇಲೆ ಚುಕ್ಕೆ ಏಳುತ್ತಂತೆ. ಇಂಥ ಗಂಡು ಸಿಗೋದೇ ಅಪರೂಪ ಅಂತ ಅಂಗಡಿಯವನು ಎರಡರಷ್ಟು ತಗೊಂಡ. ನಮ್ಮದು ನುಣುಪು ಕೆನ್ನೆ, ಹೆಣ್ಣೇ ಇರ್ಬೇಕು.”

ಚೀಲ ಬಿಚ್ಚಿದ್ದೇ ತಡ, ಗಂಡು ಮೀನು ತನ್ನ ಮನೆಗೆ ಬಂದ ಯಜಮಾನನ ಹಾಗೆ ತೊಟ್ಟಿಯನ್ನೊಮ್ಮೆ ಸುತ್ತಿ, ಆಮೇಲೆ ಹೆಣ್ಣನ್ನು ಅಟ್ಟತೊಡಗಿತು.

“ಆಗಲೇ ಶುರುವಾಯ್ತು!” ಡಾಕ್ಟರಮ್ಮ ಚಪ್ಪಾಳೆ ತಟ್ಟಿದರು. “ಬೆಳಗಾಗೋದರೊಳಗೆ ಮೊಟ್ಟೆ ಇಟ್ರೂ ಇಟ್ಟೀತು. ನೂರಾರು ಇಡುತ್ತಂತೆ. ಹೆತ್ತವೇ ತಿಂದುಬಿಡ್ತಾವೆ, ಹತ್ತಿರದಲ್ಲೇ ಇದ್ದು ಕಾಯ್ಬೇಕು. ಮರಿ ದೊಡ್ಡವಾಗೋವರೆಗೆ ನಿನ್ನ ರಜ ಸ್ವಲ್ಪ ಮುಂದಕ್ಕೆ ಹಾಕೋಣ, ಆಯ್ತಾ? ಇಷ್ಟು ಪ್ರೀತಿಯಿಂದ ನೋಡ್ಕೊಳ್ಳೋರು ನನಗೆ ಬೇರೆ ಯಾರಿದಾರೆ ಹೇಳು?”

ನಿಜ ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ರಜ ಹೋಗುತ್ತದೆ. ಅಷ್ಟರಲ್ಲಿ ಜೇಬಿನ ಫೋನು ಅದುರಿತು.

“ಏನ್ರೀ, ಬಟ್ಟೆ ಜೋಡಿಸ್ಕೊಂಡ್ರಾ?” ಹೆಂಡತಿಯ ದನಿ. “ಮಗು ಬಾಗಿಲ ಕಡೆಗೇ ನೋಡ್ತಿದೆ.”

ಕಾಂಪೌಂಡರ್ ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. ಗಾಜಿನಾಚೆ ಎರಡು ಮೀನುಗಳೂ ಒಂದು ಕ್ಷಣ ಓಟ ನಿಲ್ಲಿಸಿ, ತಮ್ಮವನೇ ಯಾರೋ ಹೊರಗೆ ಉಳಿದುಹೋಗಿದ್ದಾನೆ ಎಂಬಂತೆ ಅವನನ್ನು ನೋಡಿದವು.